ಮೆತ್ತನೆಯ ಬಟ್ಟೆ ಹೇಳಿದ ಪಾಠ

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಎರಡು ಸಂಗತಿಗಳು ನೆನಪಿನಲ್ಲಿ ಉಳಿಯುತ್ತವೆ. ಒಂದು, ಬೆಳತನಕ ನಡೆಯುವ ನಾಟಕ. ಇನ್ನೊಂದು, ನಾಟಕ ಮುಗಿಸಿ ಹೊರಗೆ ಬಂದಾಗ ಮೈಗೆ ತಾಗುವ ಚಳಿ. ಬಯಲುಸೀಮೆಯ ಚಳಿ ಹಗಲಿನಲ್ಲಿ ತನ್ನ ಸುಳಿವು ಕೊಡುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ಹಗಲೆಲ್ಲ ಹೀರಿಕೊಂಡ ಶಾಖವನ್ನು ಬೇಗನೆ ಆಕಾಶಕ್ಕೆ ಬಿಟ್ಟುಕೊಡುತ್ತದೆ.

ಒಂದು ವರ್ಷ ಅಂಥ ರಾತ್ರಿಯಲ್ಲಿ ಚಕ್ಕಡಿಯೊಂದರ ಪಕ್ಕ ಚಹಾ ಕುಡಿಯುತ್ತ ನಿಂತಿದ್ದೆ. ಅಜ್ಜಿಯೊಬ್ಬರು ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದರು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದ ಕುಂಚಿಗೆ ಬಹಳ ಚೆಂದವಿತ್ತು. ಹೊರಗೆ ಗುಳೇದಗುಡ್ಡದ ಖಣ, ಒಳಗೆ ತಿಳಿಗುಲಾಬಿ ಬಣ್ಣದ ಫ್ಲ್ಯಾನೆಲ್.

‘ಬರೇ ಖಣ ಕೂಸಿಗೆ ಚುಚ್ಚತೈತ್ರಿ ಮಾಸ್ತರ, ಅದಕ್ಕ ಒಳಗ ಮೆತ್ತನ ಅರಿವಿ ಹಚ್ಚೇನಿ’ ಎಂದರು ಅಜ್ಜಿ.

ಮಾತಾಡುತ್ತಿರುವಾಗಲೇ ಕೂಸು ತೊಡೆಯಿಂದ ಜಾರಿ, ಚಳಿ ಕಾಯಿಸಲು ಹಾಕಿದ್ದ ಬೆಂಕಿಯತ್ತ ತಪ್ಪುಹೆಜ್ಜೆ ಇಟ್ಟಿತು. ಕೈಯಲ್ಲಿದ್ದ ಲೋಟ ಬಿಟ್ಟು ನಾನು ಅದನ್ನು ಎತ್ತಿಕೊಂಡೆ. ಕುಂಚಿಗೆಯ ಅಂಚಿಗೂ ಉರಿಗೂ ಒಂದು ಮೊಳದ ಅಂತರವಿತ್ತು. ಏನೂ ಆಗಲಿಲ್ಲ. ಆದರೂ ನನ್ನ ಎದೆ ಬಹಳ ಹೊತ್ತು ಬಡಿದುಕೊಳ್ಳುತ್ತಿತ್ತು. ಮೆತ್ತಗಿದ್ದದ್ದೆಲ್ಲ ಸುರಕ್ಷಿತವೆಂದು ಆ ಅಜ್ಜಿ ನಂಬಿದ್ದರು. ಆ ಬಟ್ಟೆಯ ಗುಣ ಗೊತ್ತಿದ್ದ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ಫ್ಲ್ಯಾನೆಲ್ ಮೊದಲಿಗೆ ಉಣ್ಣೆಯ ಬಟ್ಟೆ. ಬ್ರಿಟನ್ನಿನ ವೇಲ್ಸ್ ಪ್ರಾಂತ ಅದಕ್ಕೆ ಹೆಸರಾಗಿತ್ತು. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಹತ್ತಿಯದು. ನೇಯ್ದ ಮೇಲೆ ಸಣ್ಣ ತಂತಿಗಳ ಉರುಳೆಗಳಿಂದ ಬಟ್ಟೆಯ ಮೈಯನ್ನು ಕೆರೆದು ನವಿರು ಎಬ್ಬಿಸುತ್ತಾರೆ. ಆ ನವಿರಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗದೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ನಮ್ಮ ಕೌದಿಯ ಗುಟ್ಟೂ ಇದೇ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿದಾಗ ಪದರಗಳ ನಡುವೆ ಗಾಳಿ ಉಳಿಯುತ್ತದೆ. ಕೌದಿ ತಾನಾಗಿ ಬಿಸಿ ಕೊಡುವುದಿಲ್ಲ. ನಮ್ಮ ಮೈಬಿಸಿಯನ್ನೇ ಹೊರಗೆ ಹೋಗದಂತೆ ಕಾಯುತ್ತದೆ.

ಆದರೆ ಬೆಚ್ಚಗಿಡುವ ಆ ನವಿರೇ ಬೆಂಕಿಗೂ ಅನುಕೂಲ. ಪ್ರತಿ ಎಳೆಯ ಸುತ್ತಲೂ ಆಮ್ಲಜನಕವಿರುವುದರಿಂದ ಕಿಡಿ ತಾಗಿದರೆ ಉರಿ ಬಟ್ಟೆಯ ಮೇಲ್ಮೈಯಲ್ಲಿ ಸರ್ರನೆ ಹರಿಯುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಹತ್ತಿಯ ಉಡುಪಿನಿಂದ ಮಕ್ಕಳು ಸುಟ್ಟುಕೊಂಡ ಪ್ರಕರಣಗಳು ನಡೆದಿದ್ದವು. 1856ರಲ್ಲಿ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದ ವಿಲಿಯಂ ಹೆನ್ರಿ ಪರ್ಕಿನ್ನರ ಮಗ, ಅದೇ ಹೆಸರಿನ ರಸಾಯನ ವಿಜ್ಞಾನಿ, 20ನೇ ಶತಮಾನದ ಆರಂಭದಲ್ಲಿ ತವರದ ಲವಣ ಬಳಸಿ ಈ ಬಟ್ಟೆಗೆ ಬೆಂಕಿ ತಡೆಯುವ ಗುಣ ಕೊಡಲು ದುಡಿದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಫ್ಲ್ಯಾನೆಲ್ ತೊಟ್ಟ ಮಗುವನ್ನು ಒಲೆ, ದೀಪ, ಪಟಾಕಿಗಳಿಂದ ದೂರ ಇಟ್ಟರೆ ಸಾಕು.

ಮರುದಿನ ಗುಳೇದಗುಡ್ಡಕ್ಕೆ ಹೋದೆ. ಮಗ್ಗದ ಸದ್ದು ಕೇಳುತ್ತ ಓಣಿಗಳಲ್ಲಿ ನಡೆದು ಒಂದು ಖಣ ಕೊಂಡೆ. ಅಲ್ಲಿಂದ ಹುನಗುಂದದ ದಾರಿ ಹಿಡಿದು ಇಳಕಲ್ಲು ಸೇರಿದೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗಳಿಂದ ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ಹೊಲಿದು ಅಂಟಿಸಿದ್ದಲ್ಲ, ಎಳೆಗೆ ಎಳೆ ಕೈಹಿಡಿದದ್ದು. ಹೊಲಿಗೆ ಕಲಿಯುವ ಮಕ್ಕಳು ಒಮ್ಮೆ ಇದನ್ನು ಕಣ್ಣಾರೆ ನೋಡಬೇಕು.

ಮಕ್ಕಳೇ, ರಜೆಯಲ್ಲಿ ನೀವೂ ಸೂಜಿ ಹಿಡಿಯಿರಿ. ಮೊದಲು ಫ್ಲ್ಯಾನೆಲ್ಲನ್ನು ಒಗೆದು ಒಣಗಿಸಿ. ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಗೆಯದೆ ಹೊಲಿದರೆ ಆಮೇಲೆ ಮುದುರಿಕೊಳ್ಳುತ್ತದೆ. ಅಂಚಿಗೆ ಒಂದೂವರೆ ಸೆಂಟಿಮೀಟರ್ ಬಿಡಿ, ಎಳೆ ಬಿಚ್ಚುವುದು ಹೆಚ್ಚು.

ಮೊದಲನೆಯ ಕೆಲಸ, ಕೂಸಿಗೊಂದು ಪುಟ್ಟ ಕೌದಿ. 90 ಸೆಂಟಿಮೀಟರ್ ಚೌಕದ ಎರಡು ಫ್ಲ್ಯಾನೆಲ್ ತುಂಡು, ನಡುವೆ ಅಜ್ಜಿಯ ಹಳೆಯ ನೂಲಿನ ಸೀರೆಯ ಒಂದು ಪದರ. ನಾಲ್ಕೂ ಅಂಚುಗಳನ್ನು ಮಡಿಚಿ, ಅಂಚಿನಿಂದ ನಡುವಿನ ಕಡೆಗೆ ಎರಡು ಬೆರಳಿನ ಅಂತರದಲ್ಲಿ ಸಾಲುಸಾಲಾಗಿ ದಾರ ಹಾಕುತ್ತ ಬನ್ನಿ.

ಎರಡನೆಯದು, ಫ್ಲ್ಯಾನೆಲ್ ಬೋರ್ಡು. ಬಿ.ಇಡಿ. ಓದಿದ ಶಿಕ್ಷಕರಿಗೆಲ್ಲ ಇದು ಪರಿಚಿತ. ರಟ್ಟಿಗೆ ಫ್ಲ್ಯಾನೆಲ್ ಬಿಗಿದು ಹೊಲಿಯಿರಿ. ಚಿತ್ರಗಳ ಹಿಂದೆ ಉಪ್ಪುಕಾಗದದ ತುಂಡು ಅಂಟಿಸಿ ಒತ್ತಿದರೆ ನವಿರು ಅದನ್ನು ಹಿಡಿದುಕೊಳ್ಳುತ್ತದೆ. ನೀಲಿ ಬಟ್ಟೆಯ ಪಟ್ಟಿಗಳಿಂದ ನಮ್ಮ ಜಿಲ್ಲೆಯ ನದಿಗಳನ್ನು ಮಾಡಿ: ಕೃಷ್ಣೆ, ಚಿಕ್ಕಸಂಗಮದಲ್ಲಿ ಅದನ್ನು ಕೂಡುವ ಘಟಪ್ರಭೆ, ಕೂಡಲಸಂಗಮದಲ್ಲಿ ಕೂಡುವ ಮಲಪ್ರಭೆ.

ಮೂರನೆಯದು, ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಅಂಗಿ ಹೊಲಿಯಿರಿ, ಒಂದಕ್ಕೆ ಫ್ಲ್ಯಾನೆಲ್, ಇನ್ನೊಂದಕ್ಕೆ ತೆಳು ಬಟ್ಟೆ. ದೊಡ್ಡವರ ಕೈಯಿಂದ ಸಮನಾಗಿ ಬಿಸಿನೀರು ಹಾಕಿಸಿ, ಮುಚ್ಚಿ, ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕ ನೋಡಿ ಬರೆದಿಡಿ. ಆಮೇಲೆ ಫ್ಲ್ಯಾನೆಲ್ ಅಂಗಿಯನ್ನು ಒದ್ದೆ ಮಾಡಿ ಮತ್ತೆ ನೋಡಿ. ಗಾಳಿಯ ಜಾಗಕ್ಕೆ ನೀರು ಬಂದರೆ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ.

ನಾನೂ ಈ ಬಟ್ಟೆಯಿಂದ ಒಮ್ಮೆ ಪೆಟ್ಟು ತಿಂದಿದ್ದೇನೆ. ಎಬೊನೈಟ್ ಕಡ್ಡಿಯನ್ನು ಫ್ಲ್ಯಾನೆಲ್ಲಿನಿಂದ ಉಜ್ಜಿದರೆ ಕಾಗದದ ಚೂರುಗಳು ಅಂಟುತ್ತವೆಂದು ಪಾಠ ಮಾಡಿ, ಪೇಟೆಯ ಹತ್ತಿ ಫ್ಲ್ಯಾನೆಲ್ ತಂದು ಉಜ್ಜಿದೆ. ಒಂದು ಚೂರೂ ಏಳಲಿಲ್ಲ. ತರಗತಿಯೆಲ್ಲ ನಕ್ಕಿತು. ಪುಸ್ತಕದ ಫ್ಲ್ಯಾನೆಲ್ ಉಣ್ಣೆಯದು ಎಂದು ಅಂದು ಗೊತ್ತಾಯಿತು. ಹೆಸರು ಒಂದೇ ಆದರೂ ಗುಣ ಬೇರೆ.

ಪಾಲಕರಿಗೆ ಒಂದು ಮಾತು. ‘ಗಂಡು ಹುಡುಗಗ ಸೂಜಿ ಯಾಕ್ರಿ?’ ಎಂದು ಕೇಳಬೇಡಿ. ನಮ್ಮ ಸೀಮೆಯಲ್ಲಿ ಗಂಡಸರೂ ಹೆಂಗಸರೂ ಮಗ್ಗದ ಕೆಲಸ ಮಾಡಿಯೇ ಮನೆ ನಡೆಸಿದ್ದಾರೆ. ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡು ತಂದರೆ ಅಂಕ ಬರಬಹುದು. ಬಟ್ಟೆಯ ಗುಣ ಬೆರಳಿಗೆ ತಿಳಿಯುವುದಿಲ್ಲ.

ಆ ರಾತ್ರಿ ನನ್ನ ಮಾತು ಕೇಳಿದ ಅಜ್ಜಿ ಏನೂ ಅನ್ನಲಿಲ್ಲ. ಎದ್ದು, ಹಾಸಿದ್ದ ಕೌದಿಯನ್ನು ಬೆಂಕಿಯಿಂದ ಹತ್ತು ಮಾರು ಆಚೆಗೆ ಎಳೆದು, ಕೂಸನ್ನು ಅದರಲ್ಲಿ ಸುತ್ತಿಕೊಂಡು ಕುಳಿತರು. ಆಮೇಲೆ ನನ್ನತ್ತ ತಿರುಗಿ, ‘ಮಾಸ್ತರ, ನಿಮ್ಮ ಚಾ ಚೆಲ್ಲಿತಲ್ರಿ’ ಎಂದು ಇನ್ನೊಂದು ಕಪ್ಪು ತರಿಸಿದರು.