ತೊಲೆಗೆ ಬಂದ ಬಡ್ತಿ

ಬಾದಾಮಿಯಲ್ಲಿದ್ದುಕೊಂಡು ಅಡುಗೆಕಟ್ಟೆಗೆ ಕಟ್ಟಿಗೆ ಹಾಸುತ್ತೇನೆಂದರೆ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಗುಡ್ಡ ನೋಡುತ್ತಾರೆ. ಸುತ್ತ ಕೆಂಪು ಮರಳುಗಲ್ಲು. ಆಚೆ ಹಡಗು ಹತ್ತಿ ಪರದೇಶಕ್ಕೆ ಹೋಗುವ ಇಳಕಲ್ಲಿನ ಗ್ರಾನೈಟು. “ಕಲ್ಲಿಗೇನ್ ಬರಗಾಲ ಬಂದೈತೇನೋ?” ಎಂದಳು ಅವ್ವ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯನ್ನು ನೆನಪಿಸಿದೆ. ಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಥೇಟ್ ಮರದ ದಿಮ್ಮಿಯಂತೆ ಕೂರಿಸಿದ್ದಾರೆ. ಕಟ್ಟಿಗೆಗೇನು ಬರಗಾಲವೆಂದು ಚಾಲುಕ್ಯರ ಕಲ್ಲುಕುಟಿಗನಿಗೆ ಅವನ ಅವ್ವ ಕೇಳಿರಲಿಕ್ಕಿಲ್ಲ.

ನಮ್ಮ ಕಟ್ಟಿಗೆ ಮುಳುಗಡೆಯದು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಗುಂಟ ಹಳೇ ಬಾಗಲಕೋಟೆಗೆ ಏರಿ ಬಂದಾಗ ಮಣ್ಣಿನ ಗೋಡೆ ನೀರಿನ ಪಾಲು. ತೊಲೆ, ಜಂತಿ, ಬಾಗಿಲು ಲಾರಿಯ ಪಾಲು. ನವನಗರದ ಆರ್‌ಸಿಸಿ ಮನೆಗೆ ಜಂತಿ ಯಾತಕ್ಕೆ? ಹಾಗೆ ಅಜ್ಜನ ಮನೆಯ ಸಾಗವಾನಿ ತೊಲೆ ನಮ್ಮ ಹಿತ್ತಲಿಗೆ ಬಂದು, ಮಾಳಿಗೆ ಹೊತ್ತ ಬೆನ್ನ ಮೇಲೆ ಹರಟೆಗೆ ಬಂದವರನ್ನೆಲ್ಲ ಹೊತ್ತಿತ್ತು.

ಬಡಿಗ್ಯಾರ ಕಾಕಾ ತೊಲೆಯನ್ನು ಕೊಡತಿಯಿಂದ ತಟ್ಟಿ ಕಿವಿಗೊಟ್ಟ. “ಗೆದ್ದಲ ಮುಟ್ಟಿಲ್ಲ. ಆದ್ರ ಮಳಿ ಭಾಳ ಅದಾವ.” ಹಳೇ ಕಟ್ಟಿಗೆಯಲ್ಲಿ ಅರ್ಧ ಕೆಲಸ ಮೊಳೆ ಕೀಳುವುದೇ, ಒಂದು ಉಳಿದರೂ ಗರಗಸದ ಹಲ್ಲು ಹೋಯಿತೆಂದೇ ಲೆಕ್ಕ. ಹಲಗೆ ಕೊಯ್ದು, ಅಂಚಿಗೆ ಅಂಚು ಕೂಡಿಸಿ, ಸ್ಕ್ರೂ ತೂತುಗಳನ್ನು ತುಸು ಸಡಿಲ ಬಿಟ್ಟ. ಮಳೆಗಾಲಕ್ಕೆ ಹಲಗೆ ಅಗಲಕ್ಕೆ ಉಬ್ಬುತ್ತದೆ, ಬಿಗಿದು ಕಟ್ಟಿದರೆ ಸೀಳುತ್ತದೆ. ಮನೆಯ ಹಿರಿಯರ ಸ್ವಭಾವವೇ. ಸಿಂಕಿನ ಸುತ್ತ ಮಾತ್ರ ಕಲ್ಲೇ ಉಳಿಯಿತು.

ಮೇಲೆ ಅಗಸೆ ಎಣ್ಣೆ. ಗಾಳಿಗೆ ತಾನೇ ಗಟ್ಟಿಯಾಗುವಂಥದು. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಹೊತ್ತಿಕೊಳ್ಳುವಷ್ಟು ಸಿಟ್ಟಿನದು. “ಚಟ್ನಿ ಮಾಡೋ ಅಗಸಿ ಕಟಗೀಗಿ ತಿನಸ್ತೀರಲ್ಲ” ಎಂದು ಅವ್ವ ಗೊಣಗಿದಳು.

ಒಂದು ಹಲಗೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತಿತ್ತು. ಕಾಕಾ ಅರಗು ತುಂಬಲು ಕೂತಾಗಲೇ ಅತ್ತಿ ಬಂದಳು. “ಮುಚ್ಚಬ್ಯಾಡ್ರೋ! ತೊಟ್ಟಲಾ ಕಟ್ಟೋ ಕೊಂಡಿ ಇತ್ತಲ್ಲಿ. ತಮ್ಮಾ, ನಿಮ್ಮಪ್ಪನ್ನ ಇಲ್ಲೇ ತೂಗ್ಯಾರ.”

ಅಲ್ಲಿಗೆ ಆ ಹಲಗೆಯ ಅಡುಗೆಕೆಲಸ ಮುಗಿಯಿತು. ಗಂಡನ ತೊಟ್ಟಿಲು ತೂಗಿದ ಜಾಗದಲ್ಲಿ ಉಳ್ಳಾಗಡ್ಡಿ ಹೆಚ್ಚಬಾರದೆಂದು ಅವ್ವನ ಕಟ್ಟಾಜ್ಞೆ; ಮೆಣಸಿನಕಾಯಿಯಂತೂ ಸುಳಿಯುವಂತಿಲ್ಲ. ಅಪ್ಪ ಮಾತ್ರ ಕುದಿಯುವ ಚಹಾದ ಕಪ್ಪನ್ನು ಬಸಿಯಿಲ್ಲದೆ ಅಲ್ಲೇ ಇಡುತ್ತಾನೆ. ದುಂಡನೆಯ ಬಿಳಿ ಕಲೆ ಏಳುತ್ತದೆ. ತಿಕ್ಕಿ ಎಣ್ಣೆ ಹಚ್ಚುವ ಪಾಳಿ ನನ್ನದು.