ರೇಡಿಯೊ ಕರೆದ ಹೆಸರು

ಅಂಚೆ ಕಾರ್ಡಿಗೆ 15 ಪೈಸೆ ಇದ್ದ ಕಾಲ. 1986ರ ಚಳಿಗಾಲ, ಸಾಗರದ ಕಡೆಯ ನಮ್ಮ ಮನೆ. ನಾನಾಗ ಹತ್ತನೇ ಕ್ಲಾಸು.

ಶಾಲೆಯಲ್ಲಿ ನನಗೆ ಹೆಸರಿರಲಿಲ್ಲ, ನಂಬರಿತ್ತು. ಹಾಜರಿ ಕೂಗುವಾಗ ಮೇಷ್ಟ್ರು ತಲೆ ಎತ್ತುತ್ತಿರಲಿಲ್ಲ. ಜ್ವರ ಬಂದು ವಾರಗಟ್ಟಲೆ ಮಲಗಿ ಹೋದರೂ ಯಾಕೋ ಬರಲಿಲ್ಲ ಎಂದು ಕೇಳಿದವರಿಲ್ಲ. ಜಾಣರಿಗೆ ಶಾಭಾಸ್‌ಗಿರಿ, ಪುಂಡರಿಗೆ ಬೆತ್ತ. ನಡುವಿನವರಿಗೆ ಎರಡೂ ಇಲ್ಲ. ಮನೆಯಲ್ಲೂ ಅದೇ ಕಥೆ. ಅಣ್ಣ ಶಿವಮೊಗ್ಗದಲ್ಲಿ ಕಾಲೇಜು. ಅವನ ಕಾಗದ ಬಂದರೆ ಬಂದವರಿಗೆಲ್ಲ ಓದಿ ಹೇಳುವ ಸಂಭ್ರಮ. ತಂಗಿಗೆ ಉಬ್ಬಸ, ಅಮ್ಮನ ಜೀವವೆಲ್ಲ ಅವಳ ಮೇಲೆ. ನನ್ನನ್ನು ಕೂಗುವಾಗಲೂ ಅಪ್ಪನ ಬಾಯಿಗೆ ಮೊದಲು ಅಣ್ಣನ ಹೆಸರೇ ಬರುತ್ತಿತ್ತು, ಆಮೇಲೆ "ಏ ಮಾಣಿ" ಎಂಬ ತಿದ್ದುಪಡಿ. ಯಾರೂ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ದೂರಲಿಕ್ಕಾದರೂ ಏನಾದರೂ ಇರಬೇಕಲ್ಲ!

ಅಡಿಕೆ ಸುಗ್ಗಿಯಲ್ಲಿ ಮಾತ್ರ ನನಗೊಂದು ಹುದ್ದೆ. ರಾತ್ರಿ ಊಟವಾದ ಮೇಲೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಕೊತಕೊತ ಬೇಯುತ್ತಿತ್ತು, ಚೊಗರಿನ ವಾಸನೆ ಮನೆಯೊಳಗೂ ನುಗ್ಗುತ್ತಿತ್ತು. ಯಾರದು ಎಷ್ಟು ಡಬ್ಬಿ ಆಯಿತೆಂದು ಬರೆಯುವವನು ನಾನು. ಕೂಲಿ ಡಬ್ಬಿಯ ಲೆಕ್ಕದಲ್ಲಿ. ಹಾಗಾಗಿ ಅವರಿಗೆಲ್ಲ ನನ್ನ ಹೆಸರು ಚೆನ್ನಾಗಿ ಗೊತ್ತು. ಕಂಬದ ಮೊಳೆಗೆ ತೂಗುಹಾಕಿದ ರೇಡಿಯೊದಲ್ಲಿ ಆಕಾಶವಾಣಿ ಭದ್ರಾವತಿ.

ಕೋರಿಕೆಯ ಚಿತ್ರಗೀತೆಗೆಂದು ಗುಟ್ಟಾಗಿ ಒಂದು ಕಾರ್ಡು ಹಾಕಿದ್ದೆ. ಯಾವ ಹಾಡು ಕೇಳಿದ್ದೆನೋ ಈಗ ನೆನಪಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಡು ಬೇಕಿರಲೂ ಇಲ್ಲ. ಆ ರಾತ್ರಿ ಹೊಸನಗರದವರು, ತರೀಕೆರೆಯವರು, ಕಡೂರಿನವರು ಎಂದು ಪಟ್ಟಿ ಓದುತ್ತಾ ಹೋದರು. ಕಟ್ಟಕಡೆಗೆ ನನ್ನ ಹೆಸರು! ಊರಿನ ಸಮೇತ, ಒಂದಕ್ಷರ ತಪ್ಪದೆ.

"ಹೋಯ್, ನಮ್ಮ ಲೆಕ್ಕ ಬರಿಯೋ ಮಾಣಿ ಹೆಸ್ರಲ್ದ ಅದು!" ಸುಲಿಯುತ್ತಿದ್ದ ಹೆಂಗಸೊಬ್ಬಳು ಕೂಗಿದಳು. ಸಾಲಿಗೆ ಸಾಲೇ ಕೈ ನಿಲ್ಲಿಸಿ ನನ್ನತ್ತ ತಿರುಗಿತು. ಅಮ್ಮ ಒಳಗಿಂದ ಓಡಿ ಬರುವಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು. ಒಲೆಗೆ ಕಟ್ಟಿಗೆ ದೂಡುತ್ತಿದ್ದ ಅಪ್ಪ ನನ್ನನ್ನೇ ದಿಟ್ಟಿಸಿ ನೋಡಿ, "ಕಾರ್ಡಿಗೆ ದುಡ್ಡು ಎಲ್ಲಿಂದ ಬಂತಾ?" ಅಂದ. ಹೆಸರು ಹಿಡಿದು ಕೇಳಿದ, ಅಣ್ಣನದಲ್ಲ, ನನ್ನದೇ.

ಮರುದಿನ ಶಾಲೆಯಲ್ಲಿ ಅದೇ ನಂಬರು. ಅಲ್ಲಿ ಯಾರೂ ರೇಡಿಯೊ ಕೇಳಿರಲಿಲ್ಲ. ಅಪ್ಪ ಮಾತ್ರ ಸುಗ್ಗಿ ಮುಗಿಯುವವರೆಗೂ ಆ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ರೇಡಿಯೊದ ಕಿವಿ ಹಿಂಡಿ ಜೋರು ಮಾಡಿ ಬರುತ್ತಿದ್ದ. ನಾನು ಮತ್ತೆ ಕಾರ್ಡು ಹಾಕಿರಲಿಲ್ಲ. ಹಾಗಂತ ಅವನಿಗೆ ಹೇಳಲೂ ಇಲ್ಲ.