ಗುಂಡಿಯಲ್ಲದ ಗಂಡಾಂತರ

ಭೋಸರಿಯಲ್ಲಿ, ಪುಣೆ–ನಾಸಿಕ ರಸ್ತೆಯ ಮಗ್ಗುಲಲ್ಲೇ, ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಇದೆ. 1967ರಲ್ಲಿ ಆರಂಭವಾದ ಈ ಸಂಸ್ಥೆ ವಾಹನಗಳನ್ನೂ ಅವುಗಳ ಬಿಡಿಭಾಗಗಳನ್ನೂ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಕೊಡುತ್ತದೆ. ಇದೇ ಕೆಲಸ ಮಾಡುವ ಎಆರ್‌ಎಐ ಕೂಡ ಪುಣೆಯದೇ. ಅದೇ ನಾಸಿಕ ರಸ್ತೆ ಹಿಡಿದು ಮೋಶಿ ದಾಟಿ ಹೋದರೆ ಚಾಕಣ; ಅಲ್ಲಿಯ ಕಾರ್ಖಾನೆಯಿಂದ ಬಜಾಜ್ ಬೈಕುಗಳು ದೇಶಕ್ಕೂ ಹೊರದೇಶಕ್ಕೂ ಹೋಗುತ್ತವೆ. ಬೈಕೊಂದು ಮಾರಾಟಕ್ಕೆ ಬರುವ ಮುನ್ನ ಅದರ ಬ್ರೇಕು, ದೀಪ, ಹೊಗೆ, ಹಾರ್ನು ಎಲ್ಲಕ್ಕೂ ಪರೀಕ್ಷೆ ಉಂಟು. ಹೀಗೆ ಪಾಸಾದ ಬೈಕು ಹೋಗಿ ಇಳಿಯುವ ರಸ್ತೆಗೂ ಪರೀಕ್ಷೆ ಇಲ್ಲವೆಂದಲ್ಲ. ಇದೆ. ಆದರೆ ಆ ಪ್ರಶ್ನೆಪತ್ರಿಕೆ ನಾಲ್ಕು ಚಕ್ರದವರಿಗಾಗಿ ಬರೆದದ್ದು ಎಂಬುದೇ ನನ್ನ ತಕರಾರು.

ನಮ್ಮಲ್ಲಿ ರಸ್ತೆಯ ಗುಣ ಅಳೆಯಲು ಹೆಚ್ಚಾಗಿ ಬಳಸುವುದು ಬಂಪ್ ಇಂಟಿಗ್ರೇಟರ್ ಎಂಬ ಸಾಧನ. ಜೀಪಿನ ಹಿಂದೆ ಒಂಟಿ ಚಕ್ರವೊಂದನ್ನು ಕಟ್ಟಿ ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಾರೆ. ಒಂದು ಕಿಲೋಮೀಟರಿನಲ್ಲಿ ಆ ಚಕ್ರ ಒಟ್ಟು ಎಷ್ಟು ಮಿಲಿಮೀಟರ್ ಕುಪ್ಪಳಿಸಿತು ಎಂಬುದೇ ರಸ್ತೆಯ ಅಂಕ. ಕಡಿಮೆ ಕುಪ್ಪಳಿಸಿದರೆ ಒಳ್ಳೆಯ ರಸ್ತೆ. ಕಾರಿನಲ್ಲಿ ಕೂತವರ ಸೊಂಟದ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ನುಣ್ಣಗೆ ಹಾಸಿದ ಡಾಂಬರಿನ ಮೇಲೆ ಒಂದು ಬೊಗಸೆ ಉಸುಕು ಚೆಲ್ಲಿದ್ದರೆ ಈ ಚಕ್ರಕ್ಕೆ ಅದರ ಅರಿವೇ ಆಗುವುದಿಲ್ಲ. ಡೀಸೆಲ್ ಸುರಿದಿದ್ದರೂ ಗೊತ್ತಾಗುವುದಿಲ್ಲ, ತೊಯ್ದ ಬಿಳಿ ಪಟ್ಟೆಯ ಮೇಲೆ ಹೋದರೂ ಗೊತ್ತಾಗುವುದಿಲ್ಲ. ಅದು ಉಬ್ಬುತಗ್ಗು ಎಣಿಸುತ್ತದೆ, ಹಿಡಿತ ಎಣಿಸುವುದಿಲ್ಲ. ನಾವೂ ಅದರಂತೆಯೇ ಆಗಿದ್ದೇವೆ. ರಸ್ತೆ ಕೆಟ್ಟಿದೆ ಎಂದರೆ ನಮಗೆ ಗುಂಡಿ, ಉತ್ತರ ಕರ್ನಾಟಕದವರ ಬಾಯಲ್ಲಿ ತಗ್ಗು, ಮರಾಠಿಯವರಿಗೆ ಖಡ್ಡಾ. ಮಳೆಗಾಲ ಬಂತೆಂದರೆ ಪತ್ರಿಕೆಗಳು ಗುಂಡಿ ಎಣಿಸುತ್ತವೆ, ನಗರಸೇವಕರು ಗುಂಡಿಯಲ್ಲಿ ಗಿಡ ನೆಡುತ್ತಾರೆ, ಪಾಲಿಕೆ ಮುಚ್ಚಿದ ಗುಂಡಿಗಳ ಸಂಖ್ಯೆ ಪ್ರಕಟಿಸುತ್ತದೆ. ದ್ವಿಚಕ್ರದವನನ್ನು ಕೆಡಹುವ ಎಷ್ಟೋ ಸಂಗತಿಗಳು ಸಪಾಟಾಗಿಯೇ ಇರುತ್ತವೆ. ಅವು ಯಾರ ಎಣಿಕೆಗೂ ಸಿಗುವುದಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಬೈಕು ತಿರುವಿನಲ್ಲಿ ವಾಲಲೇಬೇಕು. ವಾಲಿದಾಗ ಅದನ್ನು ಹಿಡಿದಿಡುವುದು ಅಂಗೈ ಅಗಲದ ಎರಡು ರಬ್ಬರ್ ತುಂಡು. ಹದಿನೈದು ಮೀಟರ್ ತ್ರಿಜ್ಯದ ಸಾಧಾರಣ ತಿರುವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತಿರುಗಬೇಕಾದರೆ ಬೈಕು ಸುಮಾರು 25 ಡಿಗ್ರಿ ವಾಲುತ್ತದೆ, ಘರ್ಷಣೆಯ ಗುಣಾಂಕ ಹತ್ತಿರ ಹತ್ತಿರ 0.47 ಬೇಕಾಗುತ್ತದೆ. ಒಣ ಡಾಂಬರು 0.7ರ ಮೇಲೆಯೇ ಕೊಡುತ್ತದೆ, ಆದ್ದರಿಂದ ನಾವು ಏನೂ ಯೋಚಿಸದೆ ತಿರುಗುತ್ತೇವೆ. ಅದೇ ಡಾಂಬರಿನ ಮೇಲೆ ಸಡಿಲ ಉಸುಕು ಬಿದ್ದರೆ ಹಿಡಿತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾರಿನ ಒಂದು ಚಕ್ರ ಜಾರಿದರೆ ಉಳಿದ ಮೂರು ಅದನ್ನು ಸಂಭಾಳಿಸುತ್ತವೆ, ಒಳಗಿದ್ದವರಿಗೆ ಸುದ್ದಿಯೂ ಮುಟ್ಟುವುದಿಲ್ಲ. ಬೈಕಿನ ಮುಂದಿನ ಚಕ್ರ ಜಾರಿದರೆ ಆಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲಿ ಮುಖ್ಯವಾದದ್ದು ರಸ್ತೆ ಎಷ್ಟು ಜಾರುತ್ತದೆ ಎಂಬುದಕ್ಕಿಂತ, ಎಷ್ಟು ಇದ್ದಕ್ಕಿದ್ದಂತೆ ಜಾರತೊಡಗುತ್ತದೆ ಎಂಬುದು. ಪೂರ್ತಿ ಕೆಸರಿನ ಹಾದಿಯಲ್ಲಿ ಹಳ್ಳಿಯ ಹುಡುಗರು ಕಾಲು ಬಿಟ್ಟುಕೊಂಡು ಹಗುರಾಗಿ ದಾಟುತ್ತಾರೆ, ಯಾಕೆಂದರೆ ಕೆಸರು ತಾನು ಕೆಸರೆಂದು ಮೊದಲೇ ತೋರಿಸಿಕೊಂಡಿರುತ್ತದೆ. ಒಳ್ಳೆಯ ರಸ್ತೆಯ ನಡುವಿನ ಎರಡು ಗೇಣು ಕೆಟ್ಟ ಜಾಗಕ್ಕೆ ಆ ಸೌಜನ್ಯ ಇಲ್ಲ.

ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶವನ್ನು ಈ ದೃಷ್ಟಿಯಿಂದ ನೋಡಬೇಕು. ಶಿಫ್ಟು ಬಿಡುವ ಹೊತ್ತಿಗೆ ಈ ರಸ್ತೆಗಳು ದ್ವಿಚಕ್ರಗಳಿಂದ ತುಂಬುತ್ತವೆ. ಸವಾರರಲ್ಲಿ ಕಲಬುರಗಿ, ವಿಜಯಪುರ, ಬೀದರ, ಅಕ್ಕಲಕೋಟೆ ಕಡೆಯಿಂದ ಬಂದು ಇಲ್ಲೇ ಬೀಡುಬಿಟ್ಟವರೂ ಇದ್ದಾರೆ. ಮೆಟ್ರೋ ಇದೆಯಲ್ಲ ಎನ್ನಬೇಡಿ. 2022ರಲ್ಲಿ ತೆರೆದಾಗ ನಿಲ್ದಾಣದ ಹೆಸರಿನಲ್ಲಿ ಭೋಸರಿ ಇದ್ದರೂ ಅದು ಇರುವುದು ನಾಸಿಕ ಫಾಟಾದಲ್ಲಿ. ಅಲ್ಲಿಂದ ಊರಿಗೆ ಬರಲು ಮತ್ತೆ ಗಾಡಿಯೇ ಬೇಕು. ಹೀಗೆ ಬರುವ ದ್ವಿಚಕ್ರದವನಿಗೆ ಎಲ್ಲರೂ ಹೇಳುವ ಮೊದಲ ಬುದ್ಧಿಮಾತು ‘ಎಡಕ್ಕೆ ಹೋಗು’ ಎಂದು. ಈ ಎಡದ ಪಟ್ಟಿ ಎಂಥದು? ಲಾರಿ, ಟೆಂಪೊ, ಕಾರುಗಳ ಟೈರುಗಳು ರಸ್ತೆಯ ನಡುಭಾಗವನ್ನು ದಿನವಿಡೀ ಗುಡಿಸಿ, ಖಡಿ–ಉಸುಕನ್ನೆಲ್ಲ ಅಂಚಿಗೆ ತಳ್ಳುತ್ತವೆ. ಚರಂಡಿಯ ಚೇಂಬರ್ ಮುಚ್ಚಳಗಳು ಹೆಚ್ಚಾಗಿ ಅಂಚಿನಲ್ಲೇ. ಕೇಬಲ್ಲಿಗೆ, ನೀರಿಗೆ, ಗ್ಯಾಸಿಗೆ ಅಗೆಯುವ ಕಾಲುವೆಯೂ ಅಲ್ಲೇ. ಡಾಂಬರು ಮುಗಿದು ಮಣ್ಣು ಆರಂಭವಾಗುವ ಮೆಟ್ಟಿಲೂ ಅಲ್ಲೇ. ಜಂಕ್ಷನ್ನಿನಲ್ಲಿ ಹಾಸಿದ ಪೇವರ್ ಬ್ಲಾಕು ಸವೆದು ಹೊಳಪೇರಿ, ನಾಲ್ಕು ಹನಿ ಬಿದ್ದರೆ ಸಾಕು, ಅದೂ ಸೇರಿಕೊಳ್ಳುತ್ತದೆ. ರಸ್ತೆಯ ಅತ್ಯಂತ ಕೆಟ್ಟ ಪಟ್ಟಿಯನ್ನು ಅತ್ಯಂತ ದುರ್ಬಲ ವಾಹನಕ್ಕೆ ಬಿಟ್ಟುಕೊಟ್ಟು, ಅದನ್ನೇ ಸುರಕ್ಷತೆ ಎಂದು ಕರೆದಿದ್ದೇವೆ.

ಇದರಲ್ಲಿ ಋತುವಿನ ಪಾಲೂ ಇದೆ. ಪುಣೆಯ ಎಷ್ಟೋ ರಸ್ತೆಗಳಿಗೆ ನೆರಳು ಕೊಟ್ಟಿರುವುದು ಮಳೆಮರ, ಬೆಂಗಳೂರಿನಂತೆಯೇ. ಬೇಸಿಗೆಯಲ್ಲಿ ಅದರ ಕಾಯಿಗಳು ಉದುರುತ್ತವೆ. ಒಳಗಿನ ತಿರುಳು ಅಂಟು. ಗಾಡಿಗಳ ಕೆಳಗೆ ಅರೆದು ರಸ್ತೆಗೆ ಮೆತ್ತಿಕೊಂಡ ಆ ಅಂಟಿನ ಮೇಲೆ ಮುಂಗಾರಿನ ಮೊದಲ ಹನಿ ಬಿದ್ದರೆ ನೆಲ ಸಾಬೂನಿನಂತಾಗುತ್ತದೆ. ಒಣ ತಿಂಗಳುಗಳಲ್ಲಿ ಕೂತ ಎಣ್ಣೆ, ರಬ್ಬರಿನ ಪುಡಿ, ಕಾರ್ಖಾನೆಯ ಧೂಳು ಎಲ್ಲವೂ ಮೊದಲ ಹತ್ತಿಪ್ಪತ್ತು ನಿಮಿಷ ನೀರಿನ ಮೇಲೆ ತೇಲುತ್ತ ಟೈರಿಗೂ ಡಾಂಬರಿಗೂ ನಡುವೆ ಪದರವಾಗಿ ನಿಲ್ಲುತ್ತವೆ. ಜೋರು ಮಳೆ ಬಿದ್ದು ತೊಳೆದುಹೋದ ಮೇಲೆ ರಸ್ತೆ ಇದಕ್ಕಿಂತ ವಾಸಿ. ಆದರೆ ನಾವು ಹೆದರುವುದು ಜೋರು ಮಳೆಗೆ. ತುಂತುರಿಗೆ ಯಾರೂ ವೇಗ ಇಳಿಸುವುದಿಲ್ಲ. ಇನ್ನು ಡೀಸೆಲ್. ಬಾಯಿಮಟ್ಟ ತುಂಬಿಸಿ ಮುಚ್ಚಳ ಸರಿಯಾಗಿ ಬಿಗಿಯದ ಲಾರಿಯ ಟ್ಯಾಂಕು ನೇರ ರಸ್ತೆಯಲ್ಲಿ ಚೆಲ್ಲುವುದು ಕಡಿಮೆ. ತಿರುವಿನಲ್ಲಿ ವಾಲಿದಾಗ ತುಳುಕುತ್ತದೆ. ಅಂದರೆ ಬೈಕಿಗೆ ಹಿಡಿತ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಎಣ್ಣೆ ಬೀಳುತ್ತದೆ. ನಾಲ್ಕಾರು ಗಾಡಿ ಸ್ಲಿಪ್ ಆದ ಮೇಲೆ ಅಗ್ನಿಶಾಮಕದವರು ಬಂದು ಮಣ್ಣು ಎರಚುತ್ತಾರೆ. ಎಣ್ಣೆ ಹೀರಿದ ಆ ಮಣ್ಣನ್ನು ಆಮೇಲೆ ಗುಡಿಸುವವರು ಯಾರು ಎಂಬುದು ಬೇರೆ ಪ್ರಶ್ನೆ.

ಗುಂಡಿ ಮುಚ್ಚುವ ಕೆಲಸವೇ ಹೊಸ ಗಂಡಾಂತರ ಹುಟ್ಟಿಸುವುದುಂಟು. ಮಳೆಯ ನಡುವೆ ತರಾತುರಿಯಲ್ಲಿ ಗುಂಡಿಗೆ ಖಡಿ ಸುರಿದು ಹೋಗುತ್ತಾರೆ. ಎರಡು ದಿನದಲ್ಲಿ ಗುಂಡಿ ಮತ್ತೆ ತೆರೆಯುತ್ತದೆ, ಖಡಿ ಮಾತ್ರ ಹತ್ತು ಮೀಟರ್ ಉದ್ದಕ್ಕೆ ಹರಡಿರುತ್ತದೆ. ಮೊದಲು ಒಂದು ಕಡೆ ಇದ್ದ ಅಪಾಯ ಈಗ ಎಲ್ಲ ಕಡೆ. ಅಗೆದು ಮುಚ್ಚಿದ ಕಾಲುವೆಯ ಸಂಗತಿ ಇನ್ನೂ ಸೂಕ್ಷ್ಮ. ರಸ್ತೆಗೆ ಅಡ್ಡವಾಗಿದ್ದರೆ ಗಾಡಿ ಒಮ್ಮೆ ಕುಲುಕಿ ದಾಟುತ್ತದೆ. ರಸ್ತೆಯುದ್ದಕ್ಕೂ ಹೋಗಿದ್ದರೆ ಮುಚ್ಚಿದ ಭಾಗ ಒಂದೆರಡು ಅಂಗುಲ ಕುಸಿದು, ಪ್ರಯಾಣದ ದಿಕ್ಕಿಗೆ ಸಮಾನಾಂತರವಾದ ಅಂಚೊಂದು ನಿರ್ಮಾಣವಾಗುತ್ತದೆ. ಚಕ್ರ ಅದನ್ನು ನೇರವಾಗಿ ಎದುರಿಸಿದರೆ ಹತ್ತುತ್ತದೆ. ಓರೆಯಾಗಿ ಸವರಿದರೆ ಹತ್ತಲಾರದೆ ಅಂಚಿನ ಗುಂಟ ಉಜ್ಜುತ್ತ ಹೋಗುತ್ತದೆ. ಮೇಲಿನ ಸವಾರ ಬಲಕ್ಕೆ, ಕೆಳಗಿನ ಚಕ್ರ ಎಡಕ್ಕೆ. ಬಂಪ್ ಇಂಟಿಗ್ರೇಟರ್ ಈ ಅಂಚಿನ ಪಕ್ಕದಲ್ಲೇ ಸುಖವಾಗಿ ಸಾಗಿ ಒಳ್ಳೆಯ ಅಂಕ ಕೊಟ್ಟೀತು. ರಸ್ತೆ ಉಬ್ಬುಗಳನ್ನಂತೂ ಕೇಳುವುದೇ ಬೇಡ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಾವು ಕಾಣುವುದು ಎತ್ತರ ಅಷ್ಟೇ ಇದ್ದು ಅಗಲ ಎರಡು ಅಡಿಗೆ ಇಳಿದ ದಿಂಡುಗಳನ್ನು. ಇಲ್ಲವೇ ರಬ್ಬರ್ ಪಟ್ಟಿ ಕಿತ್ತುಹೋಗಿ ನೆಲದಲ್ಲಿ ಉಳಿದ ಬೋಲ್ಟುಗಳನ್ನು.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪ ಸರ್ಕಾರದ ಅಂಕಿಅಂಶದಿಂದಲೇ ಬರುತ್ತದೆ, ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರದವರು 74,897. ಒಟ್ಟು ಸಾವುಗಳಲ್ಲಿ ಶೇಕಡ 71ಕ್ಕೂ ಹೆಚ್ಚು ಅತಿವೇಗದ ಖಾತೆಗೆ. ಗುಂಡಿಗಳ ಖಾತೆಗೆ 1,856. ಹೀಗಿರುವಾಗ ರಸ್ತೆಯನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದಂತಲ್ಲವೇ? ಎರಡು ಮಾತು. ಒಂದು, ಈ ಎರಡು ಸಂಖ್ಯೆಗಳು ಒಂದೇ ಕೋಷ್ಟಕದವಲ್ಲ. ಅತಿವೇಗ, ಕುಡಿತ, ಸಿಗ್ನಲ್ ಮುರಿತ ಬರುವುದು ನಿಯಮ ಮೀರಿದವರ ಕೋಷ್ಟಕದಲ್ಲಿ. ಗುಂಡಿ, ತಿರುವು, ಸೇತುವೆ ಬರುವುದು ರಸ್ತೆಯ ಸ್ವರೂಪದ ಕೋಷ್ಟಕದಲ್ಲಿ. ಒಂದೇ ಸಾವು ಎರಡರಲ್ಲೂ ಸೇರುತ್ತದೆ. ಗುಂಡಿಗೊಂದು ಸಾಲು ಇದೆ, ಕಾಮಗಾರಿ ನಡೆದಿರುವ ರಸ್ತೆಗೂ ಇದೆ. ಉಸುಕಿಗೆ, ಡೀಸೆಲ್ಲಿಗೆ, ತೊಯ್ದ ಪಟ್ಟೆಗೆ ಅಲ್ಲಿ ಸಾಲಿಲ್ಲ. ನೇರ ರಸ್ತೆಯಲ್ಲಿ ಎಣ್ಣೆಯ ಮೇಲೆ ಜಾರಿ ಬಿದ್ದವನು ಒಂದು ಕೋಷ್ಟಕದಲ್ಲಿ ‘ನೇರ ರಸ್ತೆ’, ಇನ್ನೊಂದರಲ್ಲಿ ಬಹುಶಃ ‘ಅತಿವೇಗ’. ಎರಡು, ವೇಗದ ವಾದದಲ್ಲಿ ನಿಜಾಂಶ ಉಂಟು. ಹಿಂದೆ ಹೇಳಿದ ತಿರುವನ್ನೇ 30ರ ಬದಲು 20ರ ವೇಗದಲ್ಲಿ ತಿರುಗಿದರೆ ಬೇಕಾಗುವ ಹಿಡಿತ 0.47ರಿಂದ 0.21ಕ್ಕೆ ಇಳಿಯುತ್ತದೆ, ಉಸುಕಿನ ಮೇಲೂ ಪಾರಾಗಬಹುದು. ಆದರೆ 30 ಎಂಬುದು ಸಾಮಾನ್ಯವಾಗಿ ಕಾನೂನಿನ ಲೆಕ್ಕದಲ್ಲಿ ಅತಿವೇಗವಲ್ಲ. ಉಸುಕು ಇದೆಯೆಂದು ಗೊತ್ತಿದ್ದವನಿಗೆ ಮಾತ್ರ ಅದು ಅತಿವೇಗ.

ಹಾಗಾದರೆ ನೋಡಿಕೊಂಡು ಓಡಿಸಲಿ ಎನ್ನುವವರಿದ್ದಾರೆ. ನುರಿತ ಸವಾರರು ನೋಡಿಕೊಂಡೇ ಓಡಿಸುತ್ತಾರೆ. ಕಣ್ಣಷ್ಟೇ ಅಲ್ಲ, ಮೂಗೂ ಕೆಲಸ ಮಾಡುತ್ತಿರುತ್ತದೆ. ಡೀಸೆಲ್ ವಾಸನೆ ಬಂದರೆ ಥ್ರಾಟಲ್ ಇಳಿಸುತ್ತಾರೆ, ಬ್ರೇಕು ಮುಟ್ಟುವುದಿಲ್ಲ. ತೊಯ್ದ ಚೇಂಬರ್ ಮುಚ್ಚಳದ ಮೇಲೆ ಹ್ಯಾಂಡಲ್ ತಿರುಗಿಸುವುದಿಲ್ಲ. ಆದರೆ ಗಂಟೆಗೆ 40ರ ವೇಗ ಎಂದರೆ ಸೆಕೆಂಡಿಗೆ 11 ಮೀಟರ್. ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರು, ಹಿಂದೆ ಹಾರ್ನು ಹೊಡೆಯುವ ಕಂಟೇನರ್ ಲಾರಿ, ಪಕ್ಕದಲ್ಲಿ ಬಾಗಿಲು ತೆರೆಯಲಿರುವ ರಿಕ್ಷಾ ಇವೆಲ್ಲವನ್ನೂ ನೋಡಬೇಕಾದ ಕಣ್ಣೇ ನೆಲವನ್ನೂ ಓದಬೇಕು. ಎಬಿಎಸ್ ಇದೆಯಲ್ಲ ಎಂಬುದು ಹೊಸ ಕಾಲದ ಸಮಾಧಾನ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಅದು ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಅದು ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆಯೇ ಹೊರತು ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಸಡಿಲ ಖಡಿಯ ಮೇಲಂತೂ ಗಾಡಿ ನಿಲ್ಲುವ ದೂರ ಹೆಚ್ಚಿಸಲೂಬಹುದು. ಹೆಲ್ಮೆಟ್ ವಿಷಯಕ್ಕೆ ಪುಣೆಯ ಹೆಸರು ಚೆನ್ನಾಗಿಲ್ಲ. 2019ರ ಜನವರಿಯಲ್ಲಿ ಅದರ ವಿರುದ್ಧ ಮೆರವಣಿಗೆ ಮಾಡಿದ ಊರು ಇದು. ತಲೆಗೆ ಹೆಲ್ಮೆಟ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕೆಲಸ ಬಿದ್ದ ಮೇಲೆ ಆರಂಭವಾಗುವಂಥದು.

ದುಡ್ಡಿಲ್ಲ ಎಂಬುದು ಕೊನೆಯ ಆಕ್ಷೇಪ, ನನಗೆ ಅತ್ಯಂತ ದುರ್ಬಲವಾಗಿ ಕಾಣುವುದೂ ಅದೇ. ಗುಂಡಿಗೆ ಡಾಂಬರು ಬೇಕು, ರೋಲರ್ ಬೇಕು, ಟೆಂಡರ್ ಬೇಕು. ಎಡದ ಅಂಚಿನ ಉಸುಕಿಗೆ ಪೊರಕೆ ಸಾಕು. ಕಾಂಕ್ರೀಟು ಹಾಸಿಬಿಟ್ಟರೆ ಎಲ್ಲ ಮುಗಿಯಿತು ಎನ್ನುವವರು ಕಾಂಕ್ರೀಟಿನ ಮೇಲೂ ಉಸುಕು ಬೀಳುತ್ತದೆ, ಅದರ ಅಂಚಿನ ಮೆಟ್ಟಿಲು ಡಾಂಬರಿನದಕ್ಕಿಂತ ಎತ್ತರವಾಗಿರುತ್ತದೆ ಎಂಬುದನ್ನು ನೋಡಿದಂತಿಲ್ಲ. ಹಿಡಿತ ಅಳೆಯುವ ವಿದ್ಯೆಯೂ ಹೊಸದಲ್ಲ. ಬ್ರಿಟನ್ನಿನಲ್ಲಿ 20 ಡಿಗ್ರಿ ಓರೆ ಕೂರಿಸಿದ ಚಕ್ರವೊಂದನ್ನು ಲಾರಿಗೆ ಕಟ್ಟಿ, ಅದರ ಮುಂದೆ ನೀರು ಚೆಲ್ಲುತ್ತ ಹೋಗಿ, ಮುಖ್ಯ ರಸ್ತೆಗಳ ಜಾರಿಕೆಯನ್ನು ವಾಡಿಕೆಯಂತೆ ಅಳೆಯುತ್ತಾರೆ; 1988ರಿಂದ ಅದಕ್ಕೆ ಕಟ್ಟಳೆಯೇ ಇದೆ. ಅಷ್ಟು ದೊಡ್ಡ ಯಂತ್ರ ಬೇಡವೆಂದರೆ ಲೋಲಕದ ಸಾಧನವಿದೆ: ತುದಿಗೆ ರಬ್ಬರ್ ಕಟ್ಟಿದ ತೋಳೊಂದು ತೂಗಿ ಬಂದು ತೊಯ್ದ ನೆಲವನ್ನು ಸವರಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ನೋಡುವುದು. ಇಬ್ಬರು ಎತ್ತಿ ಒಯ್ಯಬಹುದಾದ ಇದರ ಅಂಕ, ಬ್ರಿಟನ್ನಿನ ಹಳೆಯ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ರಸ್ತೆಯಲ್ಲಿ 45 ಬಂದರೆ ಸಾಕು, ತಿರುವು ಮತ್ತು ವೃತ್ತಗಳಲ್ಲಿ 65 ಬೇಕು. ತಿರುವಿಗೆ ಹೆಚ್ಚು ಹಿಡಿತ ಬೇಕೆಂಬ ಸರಳ ಸತ್ಯವನ್ನು ಅಲ್ಲಿ ಅಂಕೆಯಲ್ಲೇ ಬರೆದಿಟ್ಟಿದ್ದಾರೆ.

ಕಾನೂನು ಈಗೀಗ ಕಣ್ಣು ಬಿಡುತ್ತಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವಿಕಲತೆ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು ಗುಂಡಿ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಒಪ್ಪತಕ್ಕದ್ದೇ. ಆದರೆ ಗುಂಡಿಯಲ್ಲಿ ಬಿದ್ದವನ ಪರವಾಗಿ ಗುಂಡಿಯೇ ಸಾಕ್ಷಿ ನಿಲ್ಲುತ್ತದೆ, ಅಳೆಯಬಹುದು, ಫೋಟೊ ತೆಗೆಯಬಹುದು. ಗುಂಡಿ ಮುಚ್ಚಿ ಉಳಿದ ಖಡಿಯ ಮೇಲೆ ಜಾರಿದವನ ಸಾಕ್ಷಿ ಮರುದಿನದೊಳಗೆ ಟೈರುಗಳಿಗೆ ಸಿಕ್ಕಿ ಚದುರಿಹೋಗಿರುತ್ತದೆ. ಆದ್ದರಿಂದಲೇ ಅಪಘಾತದ ನಂತರದ ತನಿಖೆಗಿಂತ ಮುಂಚಿನ ಅಳತೆ ಮುಖ್ಯ. ಟೈರಿಗೂ ಬ್ರೇಕಿಗೂ ಪರೀಕ್ಷೆ ಇಡಬಲ್ಲ ಊರಿನಲ್ಲಿ ಲೋಲಕವೊಂದನ್ನು ಹೊರಗೆ ಒಯ್ದು, ಎಂಐಡಿಸಿಯ ನಾಲ್ಕು ತಿರುವುಗಳ ಎಡ ಅಂಚಿನಲ್ಲಿ ಇಟ್ಟು ನೋಡುವುದು ದೊಡ್ಡ ಸಾಹಸವಲ್ಲ. ಗುಡಿಸದೆ, ಇದ್ದಂತೆಯೇ ಅಳೆಯಬೇಕು ಎಂಬುದೊಂದೇ ಷರತ್ತು. ಮತ್ತೆ, ಅಳೆಯುವುದಿದ್ದರೆ ಮೇ ಕೊನೆಗೇ ಅಳೆಯಲಿ. ಜುಲೈವರೆಗೆ ಕಾದರೆ ಅಷ್ಟರಲ್ಲಿ ಮಳೆಯೇ ರಸ್ತೆಯನ್ನು ತೊಳೆದಿರುತ್ತದೆ, ಅಂಕವೂ ಚೆನ್ನಾಗಿಯೇ ಬಂದುಬಿಡುತ್ತದೆ.